ಪ್ರೀತಿಗೆ ಕೊಟ್ಟ ದುಡ್ಡು: ಕೈಗಡ ವಸೂಲಿಯ ಒಂಬೈನೂರು ವರ್ಷ



ಇವತ್ತಿನ ಸಂಚಿಕೆಗೆ ಕಾರಣ ನನ್ನ ಫೋನಿನಲ್ಲಿರೋ ಒಂದು ಸ್ಕ್ರೀನ್‌ಶಾಟ್. 45,000 ರೂಪಾಯಿ, ಪಕ್ಕದಲ್ಲಿ ಹಸಿರು ಟಿಕ್ ಮಾರ್ಕ್. ಕಳಿಸಿದ್ದು ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ.

ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಲ್ಲಿದ್ದ ಗೆಳೆಯ ಅವನು. ಅಮ್ಮನಿಗೆ ತುರ್ತಾಗಿ ಆಪರೇಷನ್ ಆಗಬೇಕಿತ್ತು. "ಮಗಾ, ಒಂದೆರಡು ತಿಂಗಳು ಅಷ್ಟೇ" ಅಂದ. ನಾನು ಯೋಚನೆ ಮಾಡ್ಲಿಲ್ಲ. ಆ ಅಮ್ಮ ಕಟ್ಟಿ ಕಳಿಸಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಷ್ಟು ಸಲ ತಿಂದಿದೀನೋ ಲೆಕ್ಕ ಇಲ್ಲ. ಆಪರೇಷನ್ ಆಯ್ತು, ಅಮ್ಮ ಹುಷಾರಾದ್ರು. ಎರಡು ತಿಂಗಳು ಮಾತ್ರ ಎರಡು ವರ್ಷ ಆಯ್ತು. ಮೊದಮೊದಲು "ಮುಂದಿನ ಸ್ಯಾಲರಿಗೆ ಪಕ್ಕಾ". ಆಮೇಲೆ "ನೋಡ್ತೀನಿ ಮಗಾ". ಆಮೇಲೆ ಬರೀ ಎರಡು ನೀಲಿ ಟಿಕ್. ಈ ನಡುವೆ ಅವನ ಸ್ಟೇಟಸ್ಸಲ್ಲಿ ಗೋಕರ್ಣ, ಮುಳ್ಳಯ್ಯನಗಿರಿ, ಹೊಸ ಬೈಕು. ನಾನು ನೋಡಿದೀನಿ ಅಂತ ಅವನಿಗೆ ಗೊತ್ತು. ಅವನಿಗೆ ಗೊತ್ತು ಅಂತ ನನಗೂ ಗೊತ್ತು.

ವಿಚಿತ್ರ ಏನಂದ್ರೆ, ಇದರಲ್ಲಿ ನಾಚಿಕೆ ಪಟ್ಟುಕೊಂಡು ಓಡಾಡಿದ್ದು ನಾನು. ಕೇಳಬೇಕು ಅಂತ ಮೆಸೇಜ್ ಟೈಪ್ ಮಾಡಿ ಅಳಿಸಿದ್ದು ಎಷ್ಟು ಸಲವೋ. ಯುಗಾದಿಗೆ ಅವರಮ್ಮ ಫೋನ್ ಮಾಡಿ "ಮನೆ ಕಡೆ ಯಾಕ್ ಬರಂಗಿಲ್ಲಪಾ ನೀ?" ಅಂದಾಗ ಬಾಯಿಗೆ ಬಂದ ಸುಳ್ಳು ಹೇಳಿದೆ.

ಹೋದ ತಿಂಗಳು ಕೋರ್ಟಿನಲ್ಲಿ ವಕೀಲಿಕೆ ಮಾಡೋ ಪರಿಚಯದ ಅಕ್ಕ ಒಬ್ಬರ ಹತ್ರ ಮಾತಿಗೆ ಮಾತು ಬಂದು ಇದನ್ನ ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊಟ್ಟು ಎಷ್ಟು ದಿನ ಆಯ್ತು?" ಎರಡು ವರ್ಷ ಹತ್ತು ತಿಂಗಳು ಅಂದೆ. "ಹಾಗಾದ್ರೆ ನಿನಗಿರೋದು ಇನ್ನೆರಡೇ ತಿಂಗಳು. ಮೂರು ವರ್ಷ ಆಯ್ತು ಅಂದ್ರೆ ದಾವೆ ನಿಲ್ಲಲ್ಲ. ಎಣಿಕೆ ಶುರುವಾಗೋದು ನೀನು ಕೇಳಿದ ದಿನದಿಂದ ಅಲ್ಲ ಕಣೋ, ಕೊಟ್ಟ ದಿನದಿಂದ."

ಆ ಮಾತು ತಲೆಯಲ್ಲಿ ಕೂತುಬಿಡ್ತು. ಸುಮ್ಮನಿದ್ದದ್ದು ದೊಡ್ಡತನ ಅಂತ ನಾನು ಅಂದುಕೊಂಡಿದ್ದೆ. ಕಾನೂನಿನ ಲೆಕ್ಕದಲ್ಲಿ ಅದು ನನ್ನ ಹಕ್ಕನ್ನೇ ಸವೆಸ್ತಾ ಇತ್ತು. ಈ ಮೂರು ವರ್ಷ ಎಲ್ಲಿಂದ ಬಂತು? ಅದಕ್ಕೆ ಮೊದಲು ನಮ್ಮ ಜನ ಏನು ಮಾಡ್ತಿದ್ರು? ಗೆಳೆಯನಿಗೆ ಕೊಟ್ಟ ದುಡ್ಡು ಬೇರೆ, ಬಡ್ಡಿ ವ್ಯಾಪಾರದ ದುಡ್ಡು ಬೇರೆ ಅಂತ ಯಾರಾದರೂ ಯೋಚನೆ ಮಾಡಿದ್ರಾ?

ಮಾಡಿದ್ರು. ಅದೂ ನಮ್ಮ ಕಲ್ಯಾಣ ಕರ್ನಾಟಕದಲ್ಲೇ.

ಇವತ್ತಿನ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲ. ಅಲ್ಲಿದ್ದ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಹೆಸರು 'ಮಿತಾಕ್ಷರ'. ಕಲಬುರಗಿ ಹತ್ತಿರದ ಮರತೂರು ಅವನ ಊರು ಎಂದು ಹೇಳುತ್ತಾರೆ. ಆಸ್ತಿ ಪಾಲಿನ ವಿಷಯದಲ್ಲಿ ಬಂಗಾಳದಂಥ ಕಡೆ ಬಿಟ್ಟರೆ ಭಾರತದ ಬಹುಭಾಗಕ್ಕೆ ಈ ಗ್ರಂಥವೇ ಶತಮಾನಗಳ ಕಾಲ ಆಧಾರವಾಗಿತ್ತು. ಬ್ರಿಟಿಷ್ ಜಡ್ಜುಗಳೂ ಇದನ್ನು ಅನುವಾದ ಮಾಡಿಸಿಕೊಂಡು ಓದಿ ತೀರ್ಪು ಕೊಟ್ಟರು. ವಕೀಲರಾಗಲು ಹೊರಟವರಿಗೆ ಹೆಸರು ಗೊತ್ತಿರುತ್ತೆ. ಅದರಲ್ಲಿ ಸಾಲದ ಬಗ್ಗೆಯೇ ಒಂದು ದೊಡ್ಡ ಪ್ರಕರಣ ಇದೆ ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿರಲ್ಲ. ನನಗೂ ಗೊತ್ತಿರಲಿಲ್ಲ.

ಅಲ್ಲಿ ಸ್ನೇಹಕ್ಕೆ ಕೊಟ್ಟ ಸಾಲಕ್ಕೆ ಬೇರೆಯೇ ಹೆಸರಿದೆ: 'ಪ್ರೀತಿದತ್ತ'. ಪ್ರೀತಿಯಿಂದ ಕೊಟ್ಟದ್ದು. ನಾವು ಕೈಗಡ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಪತ್ರ ಇಲ್ಲ, ಬಡ್ಡಿಯ ಮಾತಿಲ್ಲ, ಕೈಯಿಂದ ಕೈಗೆ. ಇಂಥ ಸಾಲಕ್ಕೆ ಮೊದಲೇ ಮಾತಾಡಿರದಿದ್ದರೆ ಬಡ್ಡಿ ಇಲ್ಲ ಅನ್ನೋದು ನಿಯಮ. ಆದರೆ ಅರ್ಧ ವರ್ಷ ಕಳೆದರೂ ದುಡ್ಡು ಮರಳಿ ಬರದಿದ್ದರೆ, ಮಾತಾಡಿರದಿದ್ದರೂ ಬಡ್ಡಿ ಬೆಳೆಯಲು ಶುರು. ಇದು ನಾರದ ಸ್ಮೃತಿಯದು, ವಿಜ್ಞಾನೇಶ್ವರ ಅದನ್ನು ಎತ್ತಿ ಹೇಳುತ್ತಾನೆ. ಹಳೆಯ ಸ್ಮೃತಿಗಳಲ್ಲಿ ಇನ್ನೊಂದು ಮಾತೂ ಇದೆ: ಪ್ರೀತಿದತ್ತವು ವಾಪಸ್ ಕೇಳುವವರೆಗೆ ಬೆಳೆಯುವುದಿಲ್ಲ, ಕೇಳಿಯೂ ಕೊಡದಿದ್ದರೆ ನೂರಕ್ಕೆ ಐದರಂತೆ ಬೆಳೆಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಆ ನೂರಕ್ಕೆ ಐದು ವರ್ಷದ ಲೆಕ್ಕ ಅಲ್ಲ, ತಿಂಗಳದು. ನನ್ನ 45,000ಕ್ಕೆ ತಿಂಗಳಿಗೆ 2,250. ಇಪ್ಪತ್ತು ತಿಂಗಳಲ್ಲಿ ಬಡ್ಡಿಯೇ ಅಸಲಿನಷ್ಟಾಗುತ್ತೆ. ಅಲ್ಲಿಗೆ ನಿಂತೂ ಹೋಗುತ್ತೆ. ಯಾಕಂದ್ರೆ ಒಂದೇ ಸಲಕ್ಕೆ ಪಡೆಯುವ ಬಡ್ಡಿ ಅಸಲನ್ನು ಮೀರಬಾರದು ಅಂತ ಇನ್ನೊಂದು ನಿಯಮ ಇತ್ತು. ಇದಕ್ಕೇ 'ದಾಮ್ ದುಪ್ಪಟ್' ಅಂತ ಹೆಸರು ಬಂತು. ಬ್ರಿಟಿಷರ ಕಾಲದಲ್ಲೂ ಮುಂಬೈ ಪ್ರಾಂತ್ಯದ ಕೋರ್ಟುಗಳು ಹಿಂದೂ ಸಾಲಗಾರರಿಗೆ ಇದನ್ನು ಅನ್ವಯಿಸುತ್ತಿದ್ದವು.

ನನ್ನನ್ನು ಹಿಡಿದದ್ದು ಬಡ್ಡಿ ಅಲ್ಲ, 'ಕೇಳುವವರೆಗೆ' ಅನ್ನೋ ಮಾತು. ಗೆಳೆತನದ ಸಾಲದಲ್ಲಿ ಕೇಳುವುದೇ ಮುಖ್ಯ ಘಟ್ಟ ಅಂತ ಆ ಕಾಲದವರು ಕಂಡುಕೊಂಡಿದ್ದರು. ಅಲ್ಲಿವರೆಗೆ ಅದು ಪ್ರೀತಿ, ಅಲ್ಲಿಂದ ಮುಂದೆ ಸಾಲ. ಕೇಳಿದವನ ಮೇಲೆ ಅದರಲ್ಲಿ ಯಾವ ತಪ್ಪೂ ಇಲ್ಲ.

ಅದೇ ಪ್ರಕರಣದಲ್ಲಿ ತುಂಬಾ ಪ್ರಾಯೋಗಿಕವಾದ ವಿಷಯಗಳಿವೆ. ಕಂತಿನಲ್ಲಿ ತೀರಿಸುವವನು ಕೊಟ್ಟದ್ದನ್ನೆಲ್ಲ ಸಾಲಪತ್ರದ ಹಿಂಬದಿಯಲ್ಲಿ ಬರೆಯುತ್ತಾ ಹೋಗಬೇಕು. ಪೂರ್ತಿ ತೀರಿದ ಮೇಲೆ ಪತ್ರ ಹರಿದು ಹಾಕಬೇಕು. ಕೋರ್ಟ್ ಫೀಸ್ ಕೂಡ ಇತ್ತು: ರಾಜನ ಮೂಲಕ ವಸೂಲಿ ಆದರೆ ಸಾಲಗಾರ ನೂರಕ್ಕೆ ಹತ್ತು ದಂಡ ಕಟ್ಟಬೇಕು, ದುಡ್ಡು ಸಿಕ್ಕಿದವನು ನೂರಕ್ಕೆ ಐದು ಕೊಡಬೇಕು. ಅಪ್ಪ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿಲ್ಲ.

ಹಾಗಂತ ಇದನ್ನೆಲ್ಲ ಸುವರ್ಣಯುಗ ಅಂತ ಸ್ಟೇಟಸ್ ಹಾಕಬೇಡಿ. ಅಡವಿಲ್ಲದ ಸಾಲಕ್ಕೆ ತಿಂಗಳ ಬಡ್ಡಿ ಬ್ರಾಹ್ಮಣನಿಗೆ ಎರಡು, ಕ್ಷತ್ರಿಯನಿಗೆ ಮೂರು, ವೈಶ್ಯನಿಗೆ ನಾಲ್ಕು, ಶೂದ್ರನಿಗೆ ಐದು. ತೀರಿಸಲು ಏನೂ ಉಳಿಯದ ಬ್ರಾಹ್ಮಣ, ಆದಾಯ ಬಂದಂತೆ ನಿಧಾನವಾಗಿ ಕೊಡಬಹುದು. ಕೆಳಜಾತಿಯವನಾದರೆ ದುಡಿಸಿಕೊಂಡು ವಸೂಲಿ ಮಾಡಬಹುದು. ಈ ಸಾಲಿನ ನೆರಳು ಎಷ್ಟು ಉದ್ದ ಬಿತ್ತು ಅನ್ನೋದು ನಮ್ಮ ಹಳ್ಳಿಗಳಿಗೆ ಗೊತ್ತು. ಮದುವೆಗೋ ಕಾಯಿಲೆಗೋ ತಂದ ಚಿಕ್ಕ ಸಾಲಕ್ಕೆ ಅಪ್ಪ ಜೀತ, ಆಮೇಲೆ ಮಗ ಜೀತ. ಜೀತಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಅಜ್ಜ ಅಜ್ಜಿಯರ ಕಾಲ, ಅಷ್ಟೇ.

ಸರಿ, ಕೇಳಿದ್ರೂ ಕೊಡಲಿಲ್ಲ. ಆಗ?

ಮನುಸ್ಮೃತಿ ಐದು ದಾರಿ ಹೇಳುತ್ತದೆ. ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಧರ್ಮ ಅಂದ್ರೆ ನೆಂಟರಿಷ್ಟರ ಮೂಲಕ ಹೇಳಿಸುವುದು, ಒಳ್ಳೆ ಮಾತಲ್ಲಿ ಕೇಳುವುದು. ವ್ಯವಹಾರ ಅಂದ್ರೆ ನ್ಯಾಯಸಭೆ. ಛಲ ಅಂದ್ರೆ ಉಪಾಯ: ಮದುವೆಗೆ ಬೇಕು ಅಂತ ಅವನ ಒಡವೆ ಇಸ್ಕೊಂಡು ಬಂದು ಇಟ್ಟುಕೊಳ್ಳುವುದು. ನಿಜವಾಗಿ ಹಾಗೇ ವಿವರಿಸಿದ್ದಾರೆ. ಆಚರಿತ ಅಂದ್ರೆ ಅವನ ದನಕರುಗಳನ್ನೋ ಮಗನನ್ನೋ ಹಿಡಿದಿಟ್ಟುಕೊಂಡು ಬಾಗಿಲಲ್ಲಿ ಕೂರುವುದು. ಬಲ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಸಾಲ ಒಪ್ಪಿಕೊಂಡವನು ಇಂಥ ವಸೂಲಿಯ ಮೇಲೆ ದೂರು ಕೊಟ್ಟರೆ ದಂಡ ಬೀಳುತ್ತಿದ್ದದ್ದು ದೂರು ಕೊಟ್ಟವನಿಗೇ.

ಇದು ಶಾಸ್ತ್ರದ ಮಾತಾಯ್ತು. ಬೀದಿಯಲ್ಲಿ ಏನು ನಡೀತಿತ್ತು ಅನ್ನೋದಕ್ಕೆ ದಕ್ಷಿಣ ಭಾರತಕ್ಕೆ ಬಂದ ಇಬ್ಬರು ಪರದೇಶಿಗಳ ಬರಹ ಸಿಗುತ್ತೆ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಮೊದಲನೆಯವನು ಮಾರ್ಕೊ ಪೋಲೊ, 13ನೇ ಶತಮಾನದ ಕೊನೆಯಲ್ಲಿ. ತಮಿಳು ಕರಾವಳಿಯ ಬಗ್ಗೆ ಬರೆಯುತ್ತಾ ಅವನು ಹೇಳುತ್ತಾನೆ: ಸಾಲಗಾರ ಇವತ್ತು ನಾಳೆ ಅಂತ ದಿನ ದೂಡುತ್ತಿದ್ದರೆ, ಸಾಲ ಕೊಟ್ಟವನು ಅವನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದರೆ ಸಾಕು. ದುಡ್ಡು ಕೊಡದೆ, ಇಲ್ಲವೇ ಕೊಡುವುದಕ್ಕೆ ತಕ್ಕ ಭರವಸೆ ಒದಗಿಸದೆ ಅವನು ಆ ಗೆರೆ ದಾಟುವಂತಿಲ್ಲ. ದಾಟಿದರೆ ಮರಣದಂಡನೆ. ಅಲ್ಲಿನ ರಾಜನೇ ಒಬ್ಬ ಪರದೇಶಿ ವರ್ತಕನಿಗೆ ದುಡ್ಡು ಕೊಡಬೇಕಿತ್ತಂತೆ, ಮುಂದಕ್ಕೆ ಹಾಕುತ್ತಲೇ ಇದ್ದನಂತೆ. ಒಂದು ದಿನ ರಾಜ ಕುದುರೆ ಮೇಲೆ ಹೊರಟಾಗ ವರ್ತಕ ಬಂದು ರಾಜ, ಕುದುರೆ ಎರಡನ್ನೂ ಸೇರಿಸಿ ಸುತ್ತ ಗೆರೆ ಎಳೆದ. ರಾಜ ಕುದುರೆ ನಿಲ್ಲಿಸಿದ. ವರ್ತಕನ ಬಾಕಿ ತೀರುವವರೆಗೆ ಅಲ್ಲಿಂದ ಕದಲಲಿಲ್ಲ. ಇದನ್ನು ಕಣ್ಣಾರೆ ಕಂಡೆ ಎಂದು ಮಾರ್ಕೊ ಪೋಲೊ ಹೇಳುತ್ತಾನೆ. ಅವನ ಕತೆಗಳಲ್ಲಿ ಉಪ್ಪುಕಾರ ಸ್ವಲ್ಪ ಜಾಸ್ತಿ ಅನ್ನೋರಿದ್ದಾರೆ, ಇರಲಿ.

ಆದರೆ ಸುಮಾರು ಇನ್ನೂರು ವರ್ಷ ಕಳೆದ ಮೇಲೆ, ವಿಜಯನಗರವನ್ನೂ ನೋಡಿಹೋದ ಇಟಲಿಯ ವರ್ತೆಮಾ ಕಲ್ಲಿಕೋಟೆಯಲ್ಲಿ ಇದನ್ನೇ ಹೇಳುತ್ತಾನೆ. ಅವನ ಪುಸ್ತಕ 1510ರಲ್ಲಿ ಅಚ್ಚಾಯಿತು. ಅಲ್ಲಿ ಕೈಯಲ್ಲಿ ಹಸಿರು ಕೊಂಬೆ. ಸದ್ದಿಲ್ಲದೆ ಸಾಲಗಾರನ ಹಿಂದೆ ಹೋಗಿ ಕೊಂಬೆಯಿಂದ ಅವನ ಸುತ್ತ ಗೆರೆ ಎಳೆದು, ರಾಜನ ತಲೆಯ ಮೇಲೆ ಆಣೆಯಿಟ್ಟು ಮೂರು ಸಲ ಹೇಳಬೇಕು: ನನ್ನ ಬಾಕಿ ಕೊಡದೆ ಇಲ್ಲಿಂದ ಹೋಗಬೇಡ. "ನಿನ್ನ ತಲೆ ಮೇಲಾಣೆ" ಅಂತ ನಾವು ಈಗಲೂ ಆಡ್ತೀವಲ್ಲ, ಆ ಆಣೆ ಒಂದು ಕಾಲದಲ್ಲಿ ಬೀದಿಯಲ್ಲಿ ನಡೆಯುವ ಕಾನೂನಾಗಿತ್ತು.

ಗೆರೆಗೆ ಸ್ವಂತ ಬಲ ಏನಿದೆ ಹೇಳಿ? ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿದ್ದು. ಅದರ ಹಿಂದೆ ರಾಜನ ದಂಡ ಇತ್ತು, ಹೌದು. ಅದಕ್ಕಿಂತ ಮೊದಲು ಸುತ್ತ ನಿಂತು ನೋಡುವ ಊರು ಇತ್ತು. ಇವನು ಕೊಡಬೇಕು, ಅವನು ಕೇಳಿದ್ದಾನೆ ಅನ್ನೋದು ಆ ಕ್ಷಣದಿಂದ ಎಲ್ಲರಿಗೂ ಗೊತ್ತು.

ಇದರ ಕ್ರೂರ ರೂಪ ಬಾಗಿಲಲ್ಲಿ ಕೂರುವುದು. ಸಾಲ ಕೊಟ್ಟವನು ಸಾಲಗಾರನ ಹೊಸ್ತಿಲಲ್ಲಿ ಊಟ ಬಿಟ್ಟು ಕೂರುತ್ತಿದ್ದ. ಒಮ್ಮೊಮ್ಮೆ ತನ್ನ ಪರವಾಗಿ ಬ್ರಾಹ್ಮಣನೊಬ್ಬನನ್ನು ಕೂರಿಸುತ್ತಿದ್ದ. ಕೂತವನು ಹಸಿವಿನಿಂದ ಸತ್ತರೆ ಪಾಪ ಮನೆಯವರ ತಲೆಗೆ. ಒಳಗಿದ್ದವರೂ ಉಣ್ಣುವಂತಿಲ್ಲ. ಇದಕ್ಕೆ ಉತ್ತರದಲ್ಲಿ ಧರ್ನಾ ಅಂತಿದ್ದರು. ಈಗ ಫ್ರೀಡಂ ಪಾರ್ಕಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ರೈತರು ಕೂರುವ 'ಧರಣಿ' ಈ ಪದದ ಮನೆತನದ್ದೇ. ಸರ್ಕಾರ ನಮಗೆ ಬಾಕಿ ಇಟ್ಟಿದೆ ಅಂತ ಅದರ ಬಾಗಿಲಲ್ಲಿ ಕೂರೋದು, ಅರ್ಥ ಏನೂ ಬದಲಾಗಿಲ್ಲ ನೋಡಿ.

ಈಸ್ಟ್ ಇಂಡಿಯಾ ಕಂಪನಿಯವರಿಗೆ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಂ, ದೇವರ ಕೋಪಕ್ಕೆ ಗುರಿಯಾಗ್ತೀಯ ಎಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸಿಕೊಳ್ಳುವುದನ್ನು ಒಂದು ವರ್ಷದವರೆಗೆ ಜೈಲಿನ ಅಪರಾಧ ಮಾಡಿತು. ಅಲ್ಲಿ ಕೊಟ್ಟಿರುವ ಮೊದಲ ಉದಾಹರಣೆಯೇ ಬಾಗಿಲಲ್ಲಿ ಧರ್ನಾ ಕೂರುವುದು. ಬಾಗಿಲು ಬಿಟ್ಟು ಕೋರ್ಟಿಗೆ ಬನ್ನಿ ಅನ್ನೋದು ಅವರ ಮಾತು. ಸರಿ, ಬಂದರು. ಆಮೇಲೇನಾಯ್ತು ಅನ್ನೋದರಲ್ಲೇ ನನ್ನ ಮೂರು ವರ್ಷದ ಉತ್ತರ ಇದೆ.

1859ರಲ್ಲಿ ಸರ್ಕಾರ ಕಾಲಮಿತಿ ಕಾಯ್ದೆ ತಂದಿತು. ಸಾಮಾನ್ಯ ಸಾಲಪತ್ರಕ್ಕೆ ಮೂರು ವರ್ಷ. ಉದ್ದೇಶ ಒಳ್ಳೆಯದೇ. ಸಾಹುಕಾರ ವರ್ಷಗಟ್ಟಲೆ ಸುಮ್ಮನಿದ್ದು, ಬಡ್ಡಿ ಬೆಳೆಯಲು ಬಿಟ್ಟು, ಒಂದು ದಿನ ಹೊಲ ಬರೆಸಿಕೊಳ್ಳುವುದನ್ನು ತಡೆಯಬೇಕಿತ್ತು. ಸಾಹುಕಾರರು ಇದನ್ನೇ ತಿರುಗಿಸಿದರು. ಮೂರು ವರ್ಷ ತುಂಬುವ ಹೊತ್ತಿಗೆ ರೈತನನ್ನು ಕರೆಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಹಳೆಯ ಬಾಕಿ, ಅದರ ಬಡ್ಡಿ ಎರಡೂ ಕೂಡಿ ಹೊಸ ಪತ್ರದಲ್ಲಿ ಅಸಲು. ಅದರ ಮೇಲೆ ಮತ್ತೆ ಬಡ್ಡಿ. ಬರೆದದ್ದೇನು ಅಂತ ಓದಲು ರೈತನಿಗೆ ಬರುತ್ತಿರಲಿಲ್ಲ. ಓದಲು ಬರುವ ಕೋರ್ಟು ಪತ್ರ ನೋಡಿ ಡಿಕ್ರಿ ಕೊಡುತ್ತಿತ್ತು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಮೊದಲು ಕೇಳಿದ್ದು ಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಗಲಭೆ ಅಹಮದ್‌ನಗರದ ಕಡೆಗೂ ಹರಡಿತು. ದಖನ್ ದಂಗೆ ಅಂತ ಪಠ್ಯದಲ್ಲಿ ಓದಿ ಮರೆತಿರ್ತೀರಿ. 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂದು, ಬರೀ ಪತ್ರ ನೋಡಬೇಡಿ, ಹಿಂದಿನ ವ್ಯವಹಾರವನ್ನೆಲ್ಲ ಬಗೆದು ನೋಡಿ ಎಂದು ಜಡ್ಜುಗಳಿಗೆ ಹೇಳಿತು.

ಆ ಮೂರು ವರ್ಷ ಮಾತ್ರ ಉಳಿದುಕೊಂಡಿತು. ಈಗಿರುವುದು 1963ರ ಕಾಲಮಿತಿ ಕಾಯ್ದೆ. ಕೊಟ್ಟ ಸಾಲಕ್ಕೆ, ಕೇಳಿದಾಗ ಕೊಡು ಅಂತ ಕೊಟ್ಟ ಸಾಲಕ್ಕೂ, ಕೊಟ್ಟ ದಿನದಿಂದ ಮೂರು ವರ್ಷ. ಇಂಥ ದಿನ ತೀರಿಸ್ತೀನಿ ಅಂತ ಒಪ್ಪಂದ ಆಗಿದ್ದರೆ ಲೆಕ್ಕ ಆ ದಿನದಿಂದ. ಅವಧಿ ಮುಗಿಯುವ ಮೊದಲು ಸಾಲಗಾರ ಬರವಣಿಗೆಯಲ್ಲಿ ಬಾಕಿ ಒಪ್ಪಿಕೊಂಡು ಸಹಿ ಹಾಕಿದರೆ ಮೂರು ವರ್ಷ ಹೊಸದಾಗಿ ಶುರು. ಸ್ವಲ್ಪ ದುಡ್ಡು ಕೊಟ್ಟು, ಕೊಟ್ಟಿದ್ದೇನೆ ಅಂತ ತನ್ನ ಕೈಯಾರೆ ಬರೆದರೂ ಹಾಗೇ. ಸಾಹುಕಾರ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ ಅದೇ ಕಿಂಡಿ, ಈಗ ನನಗೆ ಬೇಕು. ಅಕ್ಕ ಇದನ್ನ ಹೇಳಿದಾಗ ಒಂಥರಾ ಆಯ್ತು, ಸೂಪೆಯ ಅಂಗಡಿ ಕಟ್ಟೆಯ ಮೇಲೆ ನಾನೇ ಕೂತಂಗೆ.

ಜೈಲಿಗೆ ಹಾಕಿಸಬಹುದಾ ಅಂತ ಕೇಳೋರಿಗೆ: ಡಿಕ್ರಿ ಆದ ಮೇಲೂ ಕೊಡದವನನ್ನು ಸಿವಿಲ್ ಜೈಲಿಗೆ ಕಳಿಸುವ ಅವಕಾಶ ಕಾನೂನಿನಲ್ಲಿದೆ. ಆದರೆ ಅಲ್ಲಿ ಅವನ ಊಟದ ಖರ್ಚು ಕಟ್ಟಬೇಕಾದವರು ನೀವು. ಅದೂ ಅಲ್ಲದೆ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೊಡಲು ಇಲ್ಲದವನನ್ನು ಬಡತನಕ್ಕಾಗಿ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೊಡದ ದುರುದ್ದೇಶ ಇರಬೇಕು ಎಂದು ಬರೆದರು. ಇನ್ನು ಸ್ಟೋರಿ ಹಾಕಿ ಮಾನ ಕಳೆಯೋದು? ಸಾಲದ ಆ್ಯಪ್‌ಗಳು ಮಾಡಿದ್ದು ಅದನ್ನೇ. ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ ಮಾಡಿ ಮಾನ ಹರಾಜು. 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿ, ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು ಅಂತ ಹೇಳಬೇಕಾಯ್ತು. ರಾಜನ ಸುತ್ತ ಎಳೆದ ಗೆರೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ವರ್ತಕ ಮೊದಲು ರಾಜನನ್ನೇ ಕೇಳಿದ್ದ, ಹಲವು ಸಲ.

ನಾನು ನೆಟ್ಟಗೆ ಒಂದು ಸಲವೂ ಕೇಳಿರಲಿಲ್ಲ. "ಏನ್ ಸಮಾಚಾರ ಮಗಾ" ಅಂತ ಮೆಸೇಜ್ ಹಾಕಿ, ಅವನೇ ಅರ್ಥ ಮಾಡ್ಕೊಳ್ಳಲಿ ಅಂತ ಕಾದಿದ್ದೆ.

ಇನ್ನು 58 ದಿನ ಇದ್ದಾಗ ಬರೆದೆ. ಅಮ್ಮ ಹೇಗಿದ್ದಾರೆ ಅಂತ ಕೇಳಿದೆ. ಕೊಟ್ಟ ತಾರೀಕು, ಮೊತ್ತ ಬರೆದೆ. ತಿಂಗಳಿಗೆ ಎಷ್ಟು ಆಗುತ್ತೋ ನೀನೇ ಹೇಳು, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡು ಅಂದೆ. ಐದು ನಿಮಿಷಕ್ಕೆ ಫೋನ್ ಬಂತು.

"ಸಹಿ ಬೇಕಾ? ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ನಂಬಿಕೆ ಇದ್ದಿದ್ದಕ್ಕೇ ಅವತ್ತು ಕೇಳಲಿಲ್ಲ ಕಣೋ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ಅಂದಿದ್ದು ನನಗೆ ಇನ್ನೂ ಅರಗಿಲ್ಲ: "ನೀನು ಕೇಳದೇ ಇದ್ದಿದ್ದಕ್ಕೆ, ಬಿಟ್ಟಿದೀಯ ಅಂದ್ಕೊಂಡೆ. ಆಮೇಲೆ ನಿನ್ನ ಮುಖ ನೋಡೋಕೇ ಆಗ್ಲಿಲ್ಲ." ನಿಜವೋ ನೆಪವೋ ಗೊತ್ತಿಲ್ಲ. ಬೈಕಿನ ವಿಷಯ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಎಂಟು ದಿನ ಬಿಟ್ಟು ಮೆಜೆಸ್ಟಿಕ್‌ನಲ್ಲಿ ಸಿಕ್ಕಿದ. ಟೀ ಕುಡಿದ್ವಿ, ದುಡ್ಡು ನಾನೇ ಕೊಟ್ಟೆ, ಹಳೇ ಅಭ್ಯಾಸ. ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟ. 45,000 ಕೊಡಬೇಕಾಗಿದೆ, ತಿಂಗಳಿಗೆ 3,000ದಂತೆ ತೀರಿಸುತ್ತೇನೆ, ಕೆಳಗೆ ತಾರೀಕು, ಸಹಿ. ಹಾಸ್ಟೆಲಿನಲ್ಲಿ ನನ್ನ ರೆಕಾರ್ಡ್ ಬುಕ್ ಬರೆದುಕೊಟ್ಟ ಅದೇ ಕೈಬರಹ. ಮೊದಲ 3,000 ಅಲ್ಲೇ ಫೋನಿನಲ್ಲಿ ಕಳಿಸಿದ. ಹಾಳೆ ತಿರುಗಿಸಿ, ಕೊಟ್ಟಿದ್ದನ್ನ ಇಲ್ಲಿ ನೀನೇ ಬರಿ ಅಂದೆ.

"ಅಮ್ಮಂಗೆ ಹೇಳಬೇಡ" ಅಂದ.

ಹೇಳಲ್ಲ ಅಂದೆ. ದೀಪಾವಳಿಗೆ ಬರ್ತೀನಿ ಅಂತ ಅವರಿಗೆ ಫೋನ್ ಮಾಡಿ ಹೇಳಿದೀನಿ. ಹಾಳೆ ನನ್ನ ಡ್ರಾಯರಿನಲ್ಲಿದೆ. ಹಿಂಬದಿಯಲ್ಲಿ ಸದ್ಯಕ್ಕೆ ಒಂದೇ ಸಾಲು ಇದೆ.